ಹಕ್ಕಳೆ ಎದ್ದ ಡೋರ್ ಹ್ಯಾಂಡಲ್‌ಗಳಿಗೆ ಮತ್ತೆ ಬಣ್ಣ

ಚಿಕ್ಕಪ್ಪನ ಸಿಲ್ವರ್ ಕಾರಿಗೆ ಹತ್ತು ವರ್ಷ ದಾಟಿದೆ. ಬಾಡಿಯ ಬಣ್ಣ ಈಗಲೂ ಚೆನ್ನಾಗಿದೆ, ನಾಲ್ಕು ಡೋರ್ ಹ್ಯಾಂಡಲ್‌ಗಳು ಮಾತ್ರ ಹಕ್ಕಳೆ ಎದ್ದು ನೋಡೋಕಾಗದ ಸ್ಥಿತಿಗೆ ಬಂದಿದ್ದವು. ಡ್ರೈವರ್ ಕಡೆಯದು ಎಲ್ಲಕ್ಕಿಂತ ಕೆಟ್ಟಿತ್ತು. ಮೇಲ್ಭಾಗದಲ್ಲಿ ಕ್ಲಿಯರ್ ಕೋಟ್, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರ, ಬೆಳ್ಳಗಾಗಿ ಅಂಚು ಎತ್ತಿಕೊಂಡಿತ್ತು. ಒಳಬದಿಯಲ್ಲಿ, ಬೆರಳು ಹಾಕಿ ಎಳೆಯುವ ಕಡೆ, ಬಣ್ಣವೇ ಹೋಗಿ ಕಪ್ಪು ಪ್ಲಾಸ್ಟಿಕ್ ಕಾಣುತ್ತಿತ್ತು. ಉಗುರಿನಿಂದ ಮೀಟಿದರೆ ಒಂದು ಚಕ್ಕೆ ಪಟಕ್ಕನೆ ಎದ್ದು ಬಂತು. ತಿರುಗಿಸಿ ನೋಡಿದೆ, ಹಿಂಬದಿ ಪೂರ್ತಿ ನುಣುಪು. ರೋಗ ಏನು ಅಂತ ಅಲ್ಲೇ ಗೊತ್ತಾಯಿತು. ಬಣ್ಣ ಪ್ಲಾಸ್ಟಿಕ್ಕನ್ನು ಕಚ್ಚಿ ಹಿಡಿದಿರಲೇ ಇಲ್ಲ, ಸುಮ್ಮನೆ ಮೇಲೆ ಕೂತಿತ್ತು.

ಕಾರು ಒಂದೇ, ಬಿಸಿಲೂ ಒಂದೇ. ಬಾಗಿಲಿನ ಬಣ್ಣ ಉಳಿದು ಹ್ಯಾಂಡಲಿನದು ಮಾತ್ರ ಯಾಕೆ ಹೋಗಬೇಕು? ಬಾಡಿ ಉಕ್ಕಿನ ತಗಡು. ಫ್ಯಾಕ್ಟರಿಯಲ್ಲಿ ಅದನ್ನು ಪ್ರೈಮರ್ (ಬಣ್ಣಕ್ಕೆ ಮುಂಚಿನ ತಳದ ಕೋಟ್) ತೊಟ್ಟಿಯಲ್ಲಿ ಮುಳುಗಿಸಿ ಕರೆಂಟ್ ಹರಿಸಿ ಪ್ರೈಮರ್ ಹತ್ತಿಸುತ್ತಾರೆ, ಮೇಲಿನ ಬಣ್ಣವನ್ನು ಸುಮಾರು 140 ಡಿಗ್ರಿ ಶಾಖದಲ್ಲಿ ಬೇಯಿಸುತ್ತಾರೆ. ಪ್ಲಾಸ್ಟಿಕ್ ಹ್ಯಾಂಡಲನ್ನು ಆ ಶಾಖಕ್ಕೆ ಒಡ್ಡಿದರೆ ಸೊಟ್ಟಗಾಗುತ್ತದೆ. ಹಾಗಾಗಿ ಅದಕ್ಕೆ ಬೇರೆಯಾಗಿ, 80 ಡಿಗ್ರಿ ಆಸುಪಾಸಿನಲ್ಲಿ ಒಣಗುವ ಬೇರೆ ಬಗೆಯ ಪೇಂಟ್. ಅದರ ಮೇಲೆ ದಿನಾ ಬೀಳುವ ಉಗುರು, ಉಂಗುರ, ಕೀಲಿಕೈ. 2020ರಲ್ಲಂತೂ ಕೈಗೆ ಸ್ಯಾನಿಟೈಸರ್ ಸುರಿದುಕೊಂಡು ಅದೇ ಹಸಿ ಕೈಯಲ್ಲಿ ಬಾಗಿಲು ತೆಗೆದದ್ದು ಲೆಕ್ಕವಿಲ್ಲದಷ್ಟು ಸಲ. ಬಿಸಿಲಿಗೆ ಪ್ಲಾಸ್ಟಿಕ್ ತಗಡಿಗಿಂತ ಹೆಚ್ಚು ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಒಂದು ಕಡೆ ಸಣ್ಣ ಬಿರುಕು ಬಿಟ್ಟರೆ ಸಾಕು, ನೀರು ಅಡಿಗೆ ನುಗ್ಗಿ ಉಳಿದದ್ದನ್ನು ಎಬ್ಬಿಸುತ್ತದೆ.

ಮೈಸೂರಿನ ಬನ್ನಿಮಂಟಪದ ಕಡೆ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆ ಇದೆಯಲ್ಲ, 1937ರಲ್ಲಿ ನಾಲ್ವಡಿಯವರ ಕಾಲದಲ್ಲಿ ಅರಗಿನ ಕಾರ್ಖಾನೆಯಾಗಿ ಶುರುವಾದದ್ದು? ದೇಶಕ್ಕೆಲ್ಲ ಚುನಾವಣೆಯ ಇಂಕು ಹೋಗುವುದು ಅಲ್ಲಿಂದಲೇ, 1962ರಿಂದ. ಆ ಇಂಕು ಬೆರಳಿಗೆ ಬಿದ್ದರೆ ಸೋಪು ಹಾಕಿ ಉಜ್ಜಿದರೂ ವಾರಗಟ್ಟಲೆ ಜಪ್ಪಯ್ಯ ಅನ್ನುವುದಿಲ್ಲ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಜೊತೆಗೇ ಬೆರೆತು ಕಲೆಯಾಗುತ್ತದೆ. ಹಳೆ ಚರ್ಮ ಉದುರಿ ಉಗುರು ಬೆಳೆದು ಹೋಗಬೇಕು. ಕಾರಿನ ಪೇಂಟಿಗೂ ಪ್ಲಾಸ್ಟಿಕ್ಕಿಗೂ ಅಂಥ ನಂಟಿಲ್ಲ. ಪೇಂಟ್ ನಿಲ್ಲಬೇಕಾದರೆ ಹಿಡಿದುಕೊಳ್ಳಲು ಸಣ್ಣ ಗೀರುಗಳು ಬೇಕು, ನಡುವೆ ಪ್ಲಾಸ್ಟಿಕ್ಕಿಗೆಂದೇ ಮಾಡಿದ ಪ್ರೈಮರ್ ಬೇಕು. ಈ ಇಡೀ ಕೆಲಸದಲ್ಲಿ ಬಣ್ಣ ಹೊಡೆಯುವುದು ಕೊನೆಯ ಸಣ್ಣ ಪಾಲು. ಮುಕ್ಕಾಲು ಪಾಲು ಉಜ್ಜುವುದೇ.

ಮೊದಲು ಯಾವ ಬಗೆಯ ಹ್ಯಾಂಡಲ್ ಅಂತ ನೋಡಿಕೊಳ್ಳಬೇಕು. ಮೇಲಿನ ಕ್ಲಿಯರ್ ಮಾತ್ರ ಬೆಳ್ಳಗಾಗಿ ಅಡಿಯ ಬಣ್ಣ ಗಟ್ಟಿಯಿದ್ದರೆ ಸುಲಭ. ಪ್ಲಾಸ್ಟಿಕ್ ಕಾಣುವವರೆಗೆ ಹೋಗಿದ್ದರೆ ನಮ್ಮದರ ಹಾಗೆ ಪೂರ್ತಿ ಕೆಲಸ. ಕ್ರೋಮ್ ಹ್ಯಾಂಡಲ್ ಸುಲಿಯುತ್ತಿದ್ದರೆ ಮಾತ್ರ ಕೈ ಹಾಕಬೇಡಿ. ಅದು ಪೇಂಟ್ ಅಲ್ಲ, ಪ್ಲಾಸ್ಟಿಕ್ ಮೇಲೆ ಹತ್ತಿಸಿದ ತಾಮ್ರ, ನಿಕ್ಕಲ್, ಕ್ರೋಮಿಯಂ ಪದರ. ಎದ್ದ ಅಂಚು ಬ್ಲೇಡಿನಷ್ಟೇ ಹರಿತ, ಉಜ್ಜಲು ಹೋದರೆ ಬೆರಳು ಕೊಯ್ಯುತ್ತದೆ. ಅದನ್ನು ಬದಲಾಯಿಸುವುದೇ ವಾಸಿ.

ಕೆಲಸ ಶುರು ಮಾಡುವ ಮುಂಚೆ ಚಿಕ್ಕಪ್ಪನದು ಒಂದೇ ಮಾತು.

"ಲೋ ಮಗ, ನಾಕು ಒಸ ಹ್ಯಾಂಡ್ಲು ತಂದು ಸಿಗ್ಸ್‌ಬುಟ್ರೆ ಮುಗೀತು ಕನ್ಲಾ. ಇದಕ್ಯಾಕೆ ಇಷ್ಟೊಂದು ರಾಮಾಯಣ?"

"ಚಿಕ್ಕಪ್ಪ, ಅಂಗಡೀಲಿ ಸಿಗೋದು ಬರೀ ಕಪ್ಪು ಹ್ಯಾಂಡಲ್. ಅದಕ್ಕೂ ಸಿಲ್ವರ್ ಹೊಡೀಲೇಬೇಕು."

"ಮತ್ತೆ ಮೇಲೆ ಅಂಟುಸ್ತಾರಲ್ಲ, ಪಳಪಳ ಅನ್ನೋ ಕವರು?"

ಆ ಕ್ರೋಮ್ ಕವರ್ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಎದ್ದಿರುವ ಬಣ್ಣದ ಮೇಲೆ ಡಬಲ್ ಟೇಪ್ ಹಚ್ಚಿದರೆ ಟೇಪ್ ಹಿಡಿದುಕೊಳ್ಳುವುದು ಆ ಸಡಿಲ ಬಣ್ಣವನ್ನೇ. ಕವರ್ ಒಳಗೆ ಮಳೆ ನೀರೂ ಧೂಳೂ ಸೇರಿ ಒಣಗಲು ಜಾಗವಿಲ್ಲದೆ ಅಲ್ಲೇ ಕೊಳೆಯುತ್ತದೆ. ಒಂದು ದಿನ ಕವರ್ ಕಿತ್ತಾಗ ಉಳಿದಿದ್ದ ಬಣ್ಣವೂ ಅದರ ಜೊತೆಗೇ ಹೊರಡುತ್ತದೆ.

ಹ್ಯಾಂಡಲ್ ಬಿಚ್ಚದೆ ಸುತ್ತ ಮಾಸ್ಕಿಂಗ್ ಟೇಪ್ ಹಚ್ಚಿ ಕಾರಿನ ಮೇಲೇ ಹೊಡೆಯುವವರೂ ಇದ್ದಾರೆ. ಹಾಗೆ ಹೊಡೆದದ್ದು ಮೊದಲು ಏಳುವುದು ಒಳಬದಿಯ ಅಂಚಿನಲ್ಲಿ, ಏಕೆಂದರೆ ಅಲ್ಲಿಗೆ ಸ್ಯಾಂಡ್ ಪೇಪರೂ ಸರಿಯಾಗಿ ಹೋಗುವುದಿಲ್ಲ, ಸ್ಪ್ರೇಯೂ ಹೋಗುವುದಿಲ್ಲ. ಬೆರಳು ತಾಗುವ ಜಾಗವೂ ಅದೇ. ಆದ್ದರಿಂದ ಬಿಚ್ಚಲೇಬೇಕು.

ಬಿಚ್ಚುವುದು ಹೆದರಿದಷ್ಟು ಕಷ್ಟವಲ್ಲ. ಈಗಿನ ಬಹಳಷ್ಟು ಕಾರುಗಳಲ್ಲಿ ಬಾಗಿಲು ತೆಗೆದು ಅದರ ದಪ್ಪ ಅಂಚನ್ನು ನೋಡಿದರೆ ಹ್ಯಾಂಡಲ್ ಎತ್ತರದಲ್ಲಿ ಒಂದು ಸಣ್ಣ ರಬ್ಬರ್ ಮುಚ್ಚಳ ಕಾಣುತ್ತದೆ. ಅದನ್ನು ಕಿತ್ತರೆ ಒಳಗೆ ಒಂದು ಸ್ಕ್ರೂ, ಸಾಮಾನ್ಯವಾಗಿ ನಕ್ಷತ್ರದ ತಲೆಯ ಟಾರ್ಕ್ಸ್. ಅದನ್ನು ಸಡಿಲ ಮಾಡಬೇಕು ಅಷ್ಟೆ, ಪೂರ್ತಿ ಬಿಚ್ಚಿದರೆ ಕೆಲವು ಕಾರುಗಳಲ್ಲಿ ಬಾಗಿಲೊಳಗೆ ಬಿದ್ದುಹೋಗುತ್ತದೆ. ಆಗ ಕೀಲಿ ಹಾಕುವ ಕಡೆಯ ಸಣ್ಣ ತುಂಡು ಹೊರಗೆ ಬರುತ್ತದೆ, ಆಮೇಲೆ ಹಿಡಿಯನ್ನು ಹಿಂದಕ್ಕೆ ಜಾರಿಸಿ ಹೊರಕ್ಕೆ ಎಳೆದರೆ ಮುಂದಿನ ಕೊಕ್ಕೆ ಬಿಡುತ್ತದೆ. ಹಳೇ ಮಾದರಿಗಳಲ್ಲಿ ಒಳಗಿನ ಡೋರ್ ಟ್ರಿಮ್ ಬಿಚ್ಚಿ ಹಿಂದಿನಿಂದ ನಟ್ ತೆಗೆಯಬೇಕಾಗುತ್ತದೆ. ಹಿಡಿಯಲ್ಲಿ ಬಟನ್ ಇರುವ ಕೀಲೆಸ್ ಕಾರಾದರೆ ವೈರ್ ಇರುತ್ತದೆ, ರಭಸವಾಗಿ ಎಳೆಯಬೇಡಿ. ಹ್ಯಾಂಡಲ್ ಇಲ್ಲದ ಬಾಗಿಲನ್ನು ಹಾಕಬೇಡಿ, ಗ್ಲಾಸ್ ಇಳಿಸಿಯೇ ಇಡಿ. ಪ್ರತಿ ಹಿಡಿಯ ಒಳಮೈಯಲ್ಲಿ ಯಾವ ಬಾಗಿಲಿನದು ಅಂತ ಮೊಳೆಯಿಂದ ಗೀರಿದೆ. ಪೆನ್ನಿನಲ್ಲಿ ಬರೆದರೆ ತೊಳೆಯುವಾಗ ಅಳಿಸಿಹೋಗುತ್ತದೆ. ಅಡಿಯ ರಬ್ಬರ್ ಗ್ಯಾಸ್ಕೆಟ್‌ಗಳು ಒಂದು ಡಬ್ಬಿಗೆ.

ಇನ್ನು ಉಜ್ಜುವುದು. ನಂ. 320 ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಸ್ಯಾಂಡ್ ಪೇಪರ್, ನಂಬರ್ ಹೆಚ್ಚಾದಷ್ಟೂ ನಯ), ಒಂದು ಬಕೆಟ್ ನೀರು, ಅದಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ. ಬರೀ ಬೆರಳಲ್ಲಿ ಉಜ್ಜಿದರೆ ಬೆರಳ ಅಚ್ಚಿಗೇ ಗುಳಿ ಬೀಳುತ್ತದೆ, ಅದಕ್ಕೆ ಹಳೇ ಹವಾಯಿ ಚಪ್ಪಲಿಯ ಅಟ್ಟೆಯಿಂದ ಬೆಂಕಿಪೊಟ್ಟಣದಷ್ಟು ತುಂಡು ಕತ್ತರಿಸಿ ಪೇಪರನ್ನು ಅದಕ್ಕೆ ಸುತ್ತಿಕೊಂಡೆ. ಹ್ಯಾಂಡಲಿನ ಉಬ್ಬಿಗೆ ಅದು ತಾನೇ ಬಾಗುತ್ತದೆ, ಅಂಗಡಿಯ ಗಟ್ಟಿ ಬ್ಲಾಕ್ ಬಾಗುವುದಿಲ್ಲ.

ಎದ್ದಿರುವ ಹಕ್ಕಳೆಯನ್ನೆಲ್ಲ ಮೊದಲು ಪ್ಲಾಸ್ಟಿಕ್ ಸ್ಕೇಲಿನ ಅಂಚಿನಿಂದ ಹೆರೆದು ತೆಗೆದೆ. ಉಳಿದದ್ದು ಗಟ್ಟಿಯಾಗಿದೆ ಅಂತ ಕಣ್ಣಿಗೆ ಕಂಡರೆ ನಂಬಬಾರದು. ಒಣಗಿಸಿ, ಅಗಲದ ಬ್ರೌನ್ ಟೇಪನ್ನು ಆ ಅಂಚಿನ ಮೇಲೆ ಹೆಬ್ಬೆರಳಿಂದ ಒತ್ತಿ ಅಂಟಿಸಿ ಒಂದೇ ಏಟಿಗೆ ಕೀಳಬೇಕು. ಟೇಪಿಗೆ ಬಣ್ಣ ಹತ್ತಿಕೊಂಡು ಬಂದರೆ ಅಲ್ಲಿ ಇನ್ನೂ ರೋಗ ಇದೆ. ಡ್ರೈವರ್ ಕಡೆಯದರಲ್ಲಿ ಮತ್ತೆ ಮತ್ತೆ ಬರುತ್ತಲೇ ಇತ್ತು, ಕೊನೆಗೆ ಮೇಲ್ಮೈಯ ಬಣ್ಣವನ್ನು ಪೂರ್ತಿ ಉಜ್ಜಿ ಕಪ್ಪು ಪ್ಲಾಸ್ಟಿಕ್‌ವರೆಗೂ ಇಳಿಸಿದೆ. ಹಿಂದಿನ ಬಾಗಿಲಿನವು ಅಷ್ಟು ಹಾಳಾಗಿರಲಿಲ್ಲ, ಅಲ್ಲಿ ಗಟ್ಟಿಯಿದ್ದ ಕಂಪನಿ ಪೇಂಟ್ ಉಳಿಸಿಕೊಂಡೆ. ಗಟ್ಟಿಯಿರುವ ಕಂಪನಿ ಪೇಂಟಿನಷ್ಟು ಒಳ್ಳೆಯ ತಳಪಾಯ ನಾವು ಮನೆಯಲ್ಲಿ ಹಾಕಲಾಗುವುದಿಲ್ಲ.

ಉಳಿಸಿಕೊಂಡ ಕಡೆ ಅಂಚು ಇಳಿಸುವುದೇ ನಿಜವಾದ ಕೆಲಸ. ಒಳ್ಳೆಯ ಬಣ್ಣ ಮುಗಿದು ಪ್ಲಾಸ್ಟಿಕ್ ಶುರುವಾಗುವಲ್ಲಿ ಮೆಟ್ಟಿಲು ಇರಬಾರದು. ಸರಿಯಾಗಿ ಇಳಿಸಿದಾಗ ನಡುವೆ ಕಪ್ಪು ಪ್ಲಾಸ್ಟಿಕ್, ಅದರ ಸುತ್ತ ಬೂದು ಪ್ರೈಮರ್, ಅದರಾಚೆ ಸಿಲ್ವರ್, ಎಲ್ಲಕ್ಕಿಂತ ಹೊರಗೆ ಮಸುಕಾದ ಕ್ಲಿಯರ್, ಹೀಗೆ ಪಟ್ಟೆ ಪಟ್ಟೆಯಾಗಿ ಕಾಣುತ್ತದೆ. ಪಟ್ಟೆಗಳು ಅಗಲವಾದಷ್ಟೂ ಇಳಿಜಾರು ನಯ. ಕಣ್ಣು ಮುಚ್ಚಿಕೊಂಡು ಉಗುರು ಆಡಿಸಿದರೆ ಎಲ್ಲೂ ತಡೆಯಬಾರದು. ತಡೆದರೆ ಮತ್ತೆ 320. ಎಲ್ಲ ನಯವಾದ ಮೇಲೆ ಇಡೀ ಹಿಡಿಗೆ 600, ಒಳಬದಿ, ಮೂಲೆ, ಕೀಲಿಯ ತುಂಡು ಎಲ್ಲವನ್ನೂ ಸೇರಿಸಿ. ಹೊಳಪು ಉಳಿದ ಒಂದೊಂದು ಚುಕ್ಕೆಯೂ ಮುಂದೆ ಹಕ್ಕಳೆ ಏಳುವ ಜಾಗ.

ಗ್ಯಾರೇಜುಗಳಲ್ಲಿ ಪೇಂಟ್ ರಿಮೂವರ್ ಹಚ್ಚಿಬಿಡಿ, ಐದು ನಿಮಿಷದ ಕೆಲಸ ಅನ್ನುತ್ತಾರೆ. ಅದು ತಗಡಿಗೆ ಸರಿ. ಪ್ಲಾಸ್ಟಿಕ್ಕಿಗೆ ಹಚ್ಚಿದರೆ ಬಣ್ಣದ ಜೊತೆ ಹ್ಯಾಂಡಲೂ ಮೆತ್ತಗಾಗುತ್ತದೆ. ಎನ್‌ಸಿ ಥಿನ್ನರೂ (ಪೇಂಟ್ ತೆಳುವಾಗಿಸುವ ದ್ರಾವಣ) ಅಷ್ಟೆ, ಹ್ಯಾಂಡಲ್ ಎಬಿಎಸ್ ಪ್ಲಾಸ್ಟಿಕ್ಕಿನದಾದರೆ ಕರಗಿಸುತ್ತದೆ, ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿನದಾದರೆ ಕೂದಲೆಳೆಯ ಬಿರುಕು ಬಿಡಿಸುತ್ತದೆ. ಸೋಪು ನೀರಲ್ಲಿ ತೊಳೆದು, ಒಣಗಿಸಿ, ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಬಿಳಿ ಬಟ್ಟೆಯಲ್ಲಿ ಒರೆಸಿದರೆ ಸಾಕು. ಪೆಟ್ರೋಲಿನಲ್ಲಿ ಒರೆಸುವ ಅಭ್ಯಾಸ ಬಿಡಿ, ಅದು ಎಣ್ಣೆ ಅಂಶ ಉಳಿಸುತ್ತದೆ. ಇಲ್ಲಿಂದ ಮುಂದೆ ಬರಿಗೈಯಲ್ಲಿ ಮುಟ್ಟುವಂತಿಲ್ಲ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡ ಕೈಯಾಗಲಿ, ಡ್ಯಾಶ್‌ಬೋರ್ಡ್ ಪಾಲಿಶಿನ ಸಿಲಿಕೋನ್ ಹತ್ತಿದ ಬಟ್ಟೆಯಾಗಲಿ ಒಮ್ಮೆ ಸೋಕಿದರೆ ಪೇಂಟ್ ಅಲ್ಲಿ ಕೂರದೆ ದುಂಡು ದುಂಡು ಕುಳಿ ಬಿಡುತ್ತದೆ. ಪೇಂಟರುಗಳು ಅದನ್ನು ಮೀನುಗಣ್ಣು ಅನ್ನುತ್ತಾರೆ.

ಬಣ್ಣದ ಕೋಡ್ ಚಿಕ್ಕಪ್ಪನ ಕಾರಿನಲ್ಲಿ ಡ್ರೈವರ್ ಬಾಗಿಲಿನ ಕಂಬದ ಸ್ಟಿಕ್ಕರಿನಲ್ಲಿತ್ತು. ಕೆಲವು ಕಾರುಗಳಲ್ಲಿ ಬಾನೆಟ್ ಒಳಗಿನ ಪ್ಲೇಟಿನಲ್ಲಿರುತ್ತದೆ. ಅದರ ಫೋಟೊ ಹಿಡಿದು ಮೈಸೂರಿಗೆ ಹೋಗಿ ಮಿಕ್ಸಿಂಗ್ ಮಷಿನ್ ಇರುವ ಅಂಗಡಿಯಲ್ಲಿ ಬೇಸ್ ಕೋಟ್, ಅಂದರೆ ಕ್ಲಿಯರಿನ ಅಡಿಗೆ ಬರುವ ಬಣ್ಣ, ಮಾಡಿಸಿ ಸ್ಪ್ರೇ ಕ್ಯಾನಿಗೆ ತುಂಬಿಸಿಕೊಂಡು ಬಂದೆ. ಜೊತೆಗೆ ಪ್ಲಾಸ್ಟಿಕ್ ಪ್ರೈಮರ್, ಸಣ್ಣ ಗೀರು ತುಂಬುವ ಬೂದು ಸರ್ಫೇಸರ್, ಎರಡು ದ್ರವ ಬೆರೆಸಿ ಹೊಡೆಯುವ 2ಕೆ ಕ್ಲಿಯರ್, ಅದರ ಹಾರ್ಡ್‌ನರ್. ಪೆಟ್ರೋಲ್ ಟ್ಯಾಂಕಿನ ಮುಚ್ಚಳವನ್ನೇ ಬಿಚ್ಚಿಕೊಂಡು ಹೋಗಿದ್ದೆ. ಒಂದೇ ಕೋಡಿನಲ್ಲೂ ಕಾರಿಂದ ಕಾರಿಗೆ ಛಾಯೆ ಹೆಚ್ಚುಕಮ್ಮಿ ಇರುತ್ತದೆ, ಬಿಸಿಲಿಗೆ ಹತ್ತು ವರ್ಷ ನಿಂತ ಬಣ್ಣವಂತೂ ಇನ್ನೂ ಬೇರೆ. ಮುಚ್ಚಳ ಪಕ್ಕದಲ್ಲಿಟ್ಟು ಹಗಲು ಬೆಳಕಿನಲ್ಲಿ ನೋಡಿ ಒಪ್ಪಿಕೊಂಡರೆ ಮನೆಗೆ ಬಂದು ಪೇಚಾಡುವುದು ತಪ್ಪುತ್ತದೆ.

ಕ್ಲಿಯರಿಗೆ ರೆಡಿಮೇಡ್ ಕ್ಯಾನ್ ಯಾಕೆ ಬೇಡ ಅಂದರೆ, ಹಾರ್ಡ್‌ನರ್ ಇಲ್ಲದ ಅಗ್ಗದ ಕ್ಲಿಯರ್ ಒಣಗುವುದು ಥಿನ್ನರ್ ಹಾರಿಹೋಗಿ ಮಾತ್ರ. ಮೇಲೆ ಪೆಟ್ರೋಲ್ ಚೆಲ್ಲಿದರೆ, ಸ್ಯಾನಿಟೈಸರ್ ಸೋಕಿದರೆ ಮತ್ತೆ ಮೆತ್ತಗಾಗುತ್ತದೆ. ದಿನಾ ಕೈ ಬೀಳುವ ಜಾಗಕ್ಕೆ ಅದು ಆಗಿಬರುವುದಿಲ್ಲ. 2ಕೆಯಲ್ಲಿ ಕ್ಲಿಯರೂ ಹಾರ್ಡ್‌ನರೂ ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತವೆ. ಆದರೆ ಆ ಹಾರ್ಡ್‌ನರಿನಲ್ಲಿ ಐಸೊಸಯನೇಟ್ ಇರುತ್ತದೆ, ಉಸಿರಿಗೆ ಹೋದರೆ ಅಸ್ತಮಾ ತಗುಲಿಸುವ ವಸ್ತು. ಬಟ್ಟೆಯ ಮಾಸ್ಕ್, ಕರ್ಚೀಫು ಯಾವುದೂ ಅದನ್ನು ತಡೆಯುವುದಿಲ್ಲ. ಥಿನ್ನರ್ ಆವಿ ಹೀರುವ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಜೊತೆಗೆ ಸ್ಪ್ರೇಯ ಹನಿ ತಡೆಯುವ ಫಿಲ್ಟರೂ ಇರುವ ಮುಖವಾಡ, ಗ್ಲೌಸ್, ಕನ್ನಡಕ ಹಾಕಿಕೊಂಡು ಬಯಲಲ್ಲೇ ಹೊಡೆಯಬೇಕು. ಅಷ್ಟು ಖರ್ಚು ಬೇಡ ಅನ್ನಿಸಿದರೆ ಬಣ್ಣದವರೆಗೂ ಮನೆಯಲ್ಲಿ ಮಾಡಿ, ಕ್ಲಿಯರ್ ಮಾತ್ರ ಪೇಂಟರ್ ಹತ್ತಿರ ಹೊಡೆಸಿ. ಅದರಲ್ಲಿ ನಾಚಿಕೆಯೇನಿಲ್ಲ.

ನಮ್ಮ ಮನೆ ಮಂಡ್ಯದ ಹೊರಗೆ, ಗದ್ದೆ ಬಯಲಿಗೆ ಹತ್ತಿಕೊಂಡಂತಿದೆ. ಗಾಳಿ ಬೀಸುವ ಕಡೆ ಒಂದು ಆಲೆಮನೆ. ಒಲೆಗೆ ಕಬ್ಬಿನ ಸಿಪ್ಪೆ ತುರುಕಿದಾಗೆಲ್ಲ ಚಿಮಣಿಯಿಂದ ಕಪ್ಪು ಬೂದಿಯ ಎಳೆಗಳು ಹಾರಿ ಬಂದು ಒಣಗಿ ಹಾಕಿದ ಬಟ್ಟೆಯ ಮೇಲೆ ಕೂರುವುದು ಇಲ್ಲಿ ಮಾಮೂಲು. ಹಾಗಾಗಿ ತಾರಸಿಯ ಮೇಲೆ ಫ್ರಿಜ್ಜಿನ ರಟ್ಟಿನ ಡಬ್ಬವನ್ನು ಮಲಗಿಸಿ, ಆಲೆಮನೆಗೆ ಬೆನ್ನು ಮಾಡಿ, ಒಳಗೆ ಅಡ್ಡ ಕೋಲು ಕಟ್ಟಿ ಬೈಂಡಿಂಗ್ ವೈರಿನಲ್ಲಿ ಹಿಡಿಗಳನ್ನು ತೂಗುಹಾಕಿದೆ. ನೆಲಕ್ಕೆ ನೀರು ಚಿಮುಕಿಸಿದರೆ ಧೂಳು ಏಳುವುದಿಲ್ಲ. ಬೆಳಗ್ಗೆ ಇಬ್ಬನಿ ಆರಿದ ಮೇಲೆ, ಗಾಳಿ ಎದ್ದೇಳುವ ಮುಂಚೆ ಹೊಡೆದು ಮುಗಿಸಬೇಕು. ಮಳೆಗಾಲದ ಮೋಡ ಕವಿದ ದಿನ ಈ ಕೆಲಸ ಬೇಡ. ಥಿನ್ನರ್ ಹಾರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲಿ ಕೂತು ಬಣ್ಣ ಹಾಲುಬಿಳುಪಾಗುತ್ತದೆ.

ಪ್ಲಾಸ್ಟಿಕ್ ಪ್ರೈಮರ್ ತೆಳ್ಳಗೆ ಒಂದೇ ಕೋಟ್, ಕಂಡೂ ಕಾಣದಷ್ಟು. ಅದರ ಮೇಲೆ ಡಬ್ಬಿಯಲ್ಲಿ ಬರೆದ ಹೊತ್ತಿನೊಳಗೇ ಸರ್ಫೇಸರ್ ಎರಡು ಕೋಟ್. ಅದು ಚೆನ್ನಾಗಿ ಒಣಗಿದ ಮೇಲೆ 800ರಲ್ಲಿ ನೀರು ಹಾಕಿ ಹಗುರಾಗಿ ಉಜ್ಜಿದೆ. ಮೂಲೆಗಳಲ್ಲಿ ಪೇಪರ್ ಒತ್ತಿದರೆ ಕ್ಷಣದಲ್ಲಿ ಪ್ಲಾಸ್ಟಿಕ್ ಹೊರಬರುತ್ತದೆ, ಅಲ್ಲಿ ಕೈ ಹಿಡಿತದಲ್ಲಿರಲಿ.

ಸಿಲ್ವರ್ ಹೊಡೆಯುವಾಗ ಕ್ಯಾನನ್ನು ಒಂದು ಗೇಣಿಗಿಂತ ಹತ್ತಿರ ತರಬಾರದು. ಒಳಗಿನ ಗುಂಡು ಕಟಕಟ ಅನ್ನಲು ಶುರುವಾದ ಮೇಲೂ ಒಂದೆರಡು ನಿಮಿಷ ಅಲ್ಲಾಡಿಸಬೇಕು, ಇಲ್ಲದಿದ್ದರೆ ಅಲ್ಯೂಮಿನಿಯಂ ಪುಡಿ ತಳದಲ್ಲೇ ಉಳಿದು ಛಾಯೆ ಬದಲಾಗುತ್ತದೆ. ಮೊದಲು ಒಳಬದಿ ಮತ್ತು ಅಂಚು, ಆಮೇಲೆ ಮುಖ. ಸ್ಪ್ರೇ ಹಿಡಿಯ ಆಚೆ ಶುರುವಾಗಿ ಈಚೆ ಬಂದು ನಿಲ್ಲಬೇಕು, ಹಿಡಿಯ ಮೇಲೆ ನಿಂತರೆ ಸೋರುತ್ತದೆ. ಸಿಲ್ವರಿನಲ್ಲಿ ಇನ್ನೊಂದು ಕಿರಿಕಿರಿ ಇದೆ. ಹಸಿಹಸಿಯಾಗಿ ಹೊಡೆದರೆ ಕಪ್ಪಾಗಿ ಕಾಣುತ್ತದೆ, ಒಣಗಿದಂತೆ ದೂರದಿಂದ ಹೊಡೆದರೆ ಬೆಳ್ಳಗೆ. ನಾಲ್ಕನ್ನೂ ಒಂದೇ ಸಲಕ್ಕೆ, ಒಂದೇ ದೂರದಲ್ಲಿ ಹೊಡೆಯಬೇಕು ಅನ್ನುವುದು ಇದಕ್ಕೇ. ಕೋಟಿಂದ ಕೋಟಿಗೆ ಹತ್ತು-ಹದಿನೈದು ನಿಮಿಷ ಬಿಟ್ಟು ತೆಳ್ಳಗೆ ಮೂರು ಕೋಟ್.

ಬೇಸ್ ಕೋಟ್ ಒಣಗಿದಾಗ ಹೊಳಪೇ ಇರುವುದಿಲ್ಲ. ಚಿಕ್ಕಪ್ಪ ತಾರಸಿಗೆ ಬಂದು ನೋಡಿ ಮುಖ ಸಪ್ಪೆ ಮಾಡಿಕೊಂಡರು. "ಇದೇನ್ಲಾ, ಬೂದಿ ಬಳ್ದಂಗೈತಲ್ಲ. ಇದ್ಕಿಂತ ಮೊದ್ಲಿದ್ದಿದ್ದೇ ವಾಸಿಯಾಗಿತ್ತಲ್ಲೋ."

"ಹೊಳಪು ಕೊಡೋದು ಮೇಲಿನ ಕ್ಲಿಯರು ಚಿಕ್ಕಪ್ಪ. ಇನ್ನೊಂದು ಗಂಟೆ ತಡ್ಕಳಿ."

ಕ್ಲಿಯರಿಗೆ ಬಡಗಿ ಕೆಲಸದ ಗೆಳೆಯನೊಬ್ಬನ ಕಂಪ್ರೆಸರ್ ತಂದಿದ್ದೆ, ಬಾಗಿಲುಗಳಿಗೆ ಪಾಲಿಶ್ ಹೊಡೆಯಲು ಇಟ್ಟುಕೊಂಡದ್ದು. ನೀರು ತಡೆಯುವ ಫಿಲ್ಟರ್ ಅದರಲ್ಲೇ ಇತ್ತು. ಪಂಚರ್ ಅಂಗಡಿಯ ಕಂಪ್ರೆಸರಿಗಿಂತ ಇದು ಮೇಲು, ಅಲ್ಲಿನ ಗಾಳಿಯಲ್ಲಿ ನೀರೂ ಎಣ್ಣೆಯೂ ಬರುವುದು ಜಾಸ್ತಿ. 0.8 ಎಂಎಂ ನಾಜಲಿನ ಸಣ್ಣ ಗನ್, 30 ಪಿಎಸ್‌ಐ ಸುಮಾರು ಒತ್ತಡ. ನಾನು ತಂದ ಕ್ಲಿಯರಿಗೆ ಎರಡು ಪಾಲಿಗೆ ಒಂದು ಪಾಲು ಹಾರ್ಡ್‌ನರ್. ಡಬ್ಬಿಯ ಮೇಲೆ ಬರೆದ ಅಳತೆ ಬಿಟ್ಟು ಅಂದಾಜಿಗೆ ಹೋಗಬೇಡಿ. ಮೊದಲ ಕೋಟ್ ತೆಳ್ಳಗೆ, ಬೆರಳಿಗೆ ಅಂಟು ಅನ್ನಿಸುವಷ್ಟು ಆರಿದ ಮೇಲೆ ಎರಡನೆಯದು ತುಂಬಿಕೊಂಡಂತೆ. ಆ ಹೊತ್ತಿಗೆ ಬಣ್ಣ ಒಳಗಿನಿಂದ ಎದ್ದು ಬರುತ್ತದೆ, ಸಪ್ಪೆಯಿದ್ದ ಸಿಲ್ವರ್ ಕಣ್ಣ ಮುಂದೆಯೇ ಹೊಳಪಿಗೆ ತಿರುಗುತ್ತದೆ.

ಎರಡನೇ ಕೋಟ್ ಮುಗಿಯುವ ಹೊತ್ತಿಗೆ ಗಾಳಿ ತಿರುಗಿತು. ಆಲೆಮನೆಯ ಬೂದಿಯ ಒಂದು ಎಳೆ ಡಬ್ಬದ ಬಾಯಿಂದ ತೇಲಿ ಬಂದು, ಹಿಂದಿನ ಎಡಬಾಗಿಲಿನ ಹಿಡಿಯ ನಡುಮಧ್ಯಕ್ಕೆ ಇಳಿಯಿತು. ಉದ್ದಕ್ಕೆ ಸಾಸಿವೆ ಕಾಳಿನಷ್ಟೂ ಇಲ್ಲ, ಆದರೆ ಸಿಲ್ವರಿನ ಮೇಲೆ ಕಪ್ಪು ಎದ್ದು ಕಾಣುತ್ತದೆ. ಸುತ್ತಲಿನ ಕ್ಲಿಯರ್ ಅದರ ಕಡೆಗೆ ಸ್ವಲ್ಪ ಏರಿಕೊಂಡು ಸಣ್ಣ ದಿಬ್ಬವಾಯಿತು. ಇಂಥ ಹೊತ್ತಲ್ಲಿ ಚಿಮುಟ ಹಿಡಿದು ಹೋಗಲು ಕೈ ತುರಿಸುತ್ತದೆ. ಹೋಗಬಾರದು. ಬೂದಿ ಚಿಮುಟದಲ್ಲಿ ಪುಡಿಯಾಗಿ ಒಂದು ಚುಕ್ಕೆ ಹತ್ತಾಗುತ್ತದೆ, ಹಸಿ ಕ್ಲಿಯರಿನಲ್ಲಿ ಗೀರು ಬೀಳುತ್ತದೆ. ಡಬ್ಬದ ಬಾಯಿಗೆ ಹಳೇ ಪಂಚೆ ಇಳಿಬಿಟ್ಟು ಹಾಗೇ ಬಿಟ್ಟೆ. ಕ್ಲಿಯರ್ ಗಟ್ಟಿಯಾದ ಮೇಲೆ 2000 ನಂಬರಿನ ಪೇಪರಿನ ಸಣ್ಣ ತುಂಡನ್ನು ಪೆನ್ಸಿಲಿನ ರಬ್ಬರಿಗೆ ಸುತ್ತಿ, ನೀರು ಹಚ್ಚಿ, ಆ ದಿಬ್ಬವನ್ನಷ್ಟೇ ಉಜ್ಜಿದೆ. ಬೂದಿ ಮೇಲಿನ ಪದರದಲ್ಲೇ ಇತ್ತು, ಅಡಿಯ ಬಣ್ಣ ಮುಟ್ಟುವ ಮುಂಚೆ ಹೋಯಿತು. ಉಳಿದ ಮಂಕನ್ನು ರಬ್ಬಿಂಗ್ ಕಾಂಪೌಂಡ್ ತೆಗೆಯಿತು. ಈಗ ಎಲ್ಲಿತ್ತು ಅಂತ ನನಗೇ ಹುಡುಕಬೇಕು.

ಮಾರನೇ ದಿನ ಹಿಡಿಗಳನ್ನು ಕೂರಿಸಿದೆ. ಒಣಗಲು ಮೊದಲ ಅರ್ಧ ಗಂಟೆ ನೆರಳು, ಆಮೇಲೆ ಎಳೆಬಿಸಿಲು. ಹೀಟ್ ಗನ್, ಹೇರ್ ಡ್ರೈಯರ್ ಅಂತ ಅವಸರ ಮಾಡಿದರೆ ಮೇಲೆ ಕೆನೆಗಟ್ಟಿ ಒಳಗಿನ ಥಿನ್ನರ್ ಗುಳ್ಳೆ ಎಬ್ಬಿಸುತ್ತದೆ. ಗ್ಯಾಸ್ಕೆಟ್ ಮೊದಲು, ಮುಂದಿನ ಕೊಕ್ಕೆ ಆಮೇಲೆ, ಹಿಡಿಯನ್ನು ಮುಂದಕ್ಕೆ ಜಾರಿಸಿ ಕೀಲಿಯ ತುಂಡು ಒತ್ತಿ ಸ್ಕ್ರೂ ಬಿಗಿ. ಬಾಗಿಲು ತೆರೆದಿಟ್ಟೇ ಲಾಕನ್ನು ಸ್ಕ್ರೂಡ್ರೈವರಿಂದ ಒತ್ತಿ, ಹಿಡಿ ಎಳೆದು ಬಿಡುತ್ತದೆಯೇ ನೋಡಿ. ಬಿಟ್ಟರಷ್ಟೇ ಬಾಗಿಲು ಹಾಕಿ. ಕ್ಲಿಯರ್ ಪೂರ್ತಿ ಗಟ್ಟಿಯಾಗಲು ವಾರವಾದರೂ ಬೇಕು, ಅಲ್ಲಿಯವರೆಗೆ ಉಗುರು ತಾಗಿಸಬೇಡಿ, ವ್ಯಾಕ್ಸ್ ಹಚ್ಚಲು ಒಂದು ತಿಂಗಳು ಕಾಯಿರಿ. ಬೆರಳು ಆಡುವ ಒಳಬದಿಗೆ ಆಮೇಲೆ ಪಾರದರ್ಶಕ ಪಿಪಿಎಫ್ (ಪೇಂಟ್ ಕಾಯುವ ಪ್ಲಾಸ್ಟಿಕ್ ಹಾಳೆ) ಅಂಟಿಸಿದೆ. ಅಂಗಡಿಯವರ ಹತ್ತಿರ ಕತ್ತರಿಸಿ ಉಳಿದ ತುಂಡುಗಳೇ ಇದಕ್ಕೆ ಸಾಕು, ಕೇಳಿದರೆ ಕೊಡುತ್ತಾರೆ.

ಹತ್ತಿರದಿಂದ ನೋಡಿದರೆ ಹಿಡಿಗಳು ಬಾಗಿಲಿಗಿಂತ ಒಂದೆಳೆ ಬೆಳ್ಳಗಿವೆ. ಹಿಡಿಯ ಉಬ್ಬಿನಲ್ಲಿ ಬೆಳಕು ಬೇರೆ ಥರ ಬೀಳುವುದರಿಂದ ನಾಲ್ಕು ಅಡಿ ಆಚೆಗೆ ಗೊತ್ತಾಗುವುದಿಲ್ಲ, ಚಿಕ್ಕಪ್ಪನಿಗೆ ಇನ್ನೂ ಗೊತ್ತಾಗಿಲ್ಲ. ಅವರ ಕಣ್ಣು ಈಗ ಸೈಡ್ ಮಿರರ್ ಕವರಿನ ಮೇಲೆ ಬಿದ್ದಿದೆ, ಅದರ ಅಂಚೂ ಬೆಳ್ಳಗಾಗುತ್ತಿದೆ. ಉಳಿದ ಸಿಲ್ವರ್ ಕ್ಯಾನನ್ನು ಅದಕ್ಕೆಂದೇ ಎತ್ತಿಟ್ಟಿದ್ದೇನೆ. ಹಾರ್ಡ್‌ನರ್ ಮಾತ್ರ ಹೊಸದು ತರಬೇಕು. ಒಮ್ಮೆ ಮುಚ್ಚಳ ತೆಗೆದದ್ದು ಗಾಳಿಯ ತೇವ ಎಳೆದುಕೊಂಡು ಡಬ್ಬಿಯೊಳಗೇ ಗಟ್ಟಿಯಾಗುತ್ತಾ ಹೋಗುತ್ತದೆ, ಅದನ್ನು ನಂಬಿಕೊಂಡು ಕ್ಲಿಯರ್ ಕಲೆಸುವಂತಿಲ್ಲ.